ಜೀಪಿನ ಬಾಯಾರಿಕೆ

ಸಂಜೆ ಗೂಳಿಯ ಹಾಗೆ ಕೂಗಿದ ಹಾರ್ನು ಬೆಳಿಗ್ಗೆ ಕಪ್ಪೆಯ ಹಾಗೆ ವಟಗುಟ್ಟಿದರೆ ಆ ದಿನ ಜೀಪು ಏಳುವುದಿಲ್ಲವೆಂದು ಪದ್ಮಾಕ್ಷಿಗೆ ಗೊತ್ತಾಗಿಬಿಡುತ್ತಿತ್ತು. ಅಣ್ಣ ಕುಶಾಲಪ್ಪ ಚಾವಿ ತಿರುಗಿಸುವ ಮೊದಲೇ ಅವಳು ಬೀಡಿ ಕಟ್ಟುವ ತಡ್ಪೆಯನ್ನು, ಎಲೆ ಹೊಗೆಸೊಪ್ಪು ಹರಡಿದ ಆ ಮೊರವನ್ನು, ಜಗಲಿಯಲ್ಲಿಟ್ಟು, ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಜೀಪಿನ ಹಿಂದೆ ಹೋಗಿ ನಿಲ್ಲುತ್ತಿದ್ದಳು.

"ನೀನು ಯಾಕೆ ಬಂದದ್ದು? ನಾನಿನ್ನೂ ಸೆಲ್ಫ್ ಹೊಡೆದೇ ಇಲ್ಲ" ಎಂದು ಕುಶಾಲಪ್ಪ ಸಿಡುಕುತ್ತಿದ್ದ. ಆಮೇಲೆ ಚಾವಿ ತಿರುಗಿಸುತ್ತಿದ್ದ. ಬಾನೆಟ್ಟಿನ ಒಳಗೆ ಟಿಕ್ ಎಂದು ಒಂದು ಸದ್ದು, ಅಷ್ಟೆ. ಅವನು ಕೆಳಗಿಳಿದು, ತಂಗಿಯ ಮುಖ ನೋಡದೆ, "ಹ್ಞೂಂ, ತಳ್ಳುವ" ಎನ್ನುತ್ತಿದ್ದ.

ಎಪ್ಪತ್ತೊಂಬತ್ತರ ಬೇಸಿಗೆ ಅದು. ಕೊಕ್ಕಡದಿಂದ ಒಳಗೆ ಪಡ್ಪು ಎಂಬ ಆ ಊರಿನಲ್ಲಿ ಇದ್ದದ್ದು ಅದೊಂದೇ ಜೀಪು. ಹಾಲಿನ ಸಂಘದ ಕ್ಯಾನುಗಳನ್ನು ಬೆಳಿಗ್ಗೆ ಬೆಳ್ತಂಗಡಿಗೆ ಮುಟ್ಟಿಸುವುದು ಅದರ ಕೆಲಸ. ಅಲ್ಲಿಗೆ ಬರುವ ದೊಡ್ಡ ಲಾರಿ ಯಾರನ್ನೂ ಕಾಯುವುದಿಲ್ಲ. ಲಾರಿ ತಪ್ಪಿದರೆ ಹಾಲು ವಾಪಸು ಬರಬೇಕು. ಆ ಬಿಸಿಲಿಗೆ ಬರುವಷ್ಟರಲ್ಲಿ ಕ್ಯಾನಿನೊಳಗೆ ಒಡೆದಿರುತ್ತದೆ. ಸಂಘಕ್ಕೆ ಹಾಲು ತರುವವರಲ್ಲಿ ಹೆಚ್ಚಿನವರು ಒಂದು ದನ, ಎರಡು ದನ ಕಟ್ಟಿಕೊಂಡ ಹೆಂಗಸರು. ಹಾಲು ಒಡೆದ ದಿನ ಅವರ ಕೈಗೆ ಏನೂ ಇಲ್ಲ.

ಆ ಬುಧವಾರ ಜೀಪನ್ನು ಇಳಿಜಾರಿಗೆ ತಳ್ಳಿದರೂ ಏಳಲಿಲ್ಲ. ಬ್ಯಾಟರಿ ಅಷ್ಟು ಸತ್ತಿತ್ತೆಂದರೆ ಕಿಡಿ ಹುಟ್ಟುವುದಕ್ಕೂ ಅದರಲ್ಲಿ ಜೀವ ಇರಲಿಲ್ಲ. ಇಳಿಜಾರು ಮುಗಿದಲ್ಲಿ, ಸಂಘದ ಕಟ್ಟಡದ ಎದುರಿಗೇ, ಹಟ ಹಿಡಿದ ಕೋಣದ ಹಾಗೆ ಹೋಗಿ ನಿಂತಿತು. ಹಾಲು ಕೊಟ್ಟು ಮನೆಗೆ ಹೊರಟಿದ್ದ ಮುದುಕ ಡೊಂಬಯ್ಯ ತಂಬಿಗೆ ಕೆಳಗಿಟ್ಟು ಹೆಗಲು ಕೊಟ್ಟ.

"ಕುಶಾಲಪ್ಪಾ, ಒಂದು ಕೆಲಸ ಮಾಡು. ಇದಕ್ಕೆ ನೊಗ ಕಟ್ಟು. ನನ್ನ ಹತ್ತಿರ ಒಂದು ಜೋಡಿ ಉಂಟು" ಎಂದ ಅವನು, ಏದುಸಿರು ಬಿಡುತ್ತ.

"ನಗಬೇಡಿ ಮಾರಾಯ್ರೆ, ತಳ್ಳಿ."

ಸಾಲಿನಲ್ಲಿದ್ದ ಲೋಲಾಕ್ಷಿಯ ಬಾಯಿ ಸುಮ್ಮನಿರುವ ಬಾಯಿಯಲ್ಲ. "ಹಾಲು ಕರೆಯುವವರು ನಾವು, ಮೊಸರು ಮಾಡುವವ ಇವ. ಸಂಘದ ಬೋರ್ಡು ಬದಲಾಯಿಸುವ ಅಲ್ವಾ ಭಟ್ರೇ?" ಎಂದಳು. ಸಾಲಿನ ಹೆಂಗಸರು ನಕ್ಕರು. ನಗುವಿನ ಹಿಂದೆ ಸಿಟ್ಟಿದ್ದದ್ದು ಪದ್ಮಾಕ್ಷಿಗೆ ಕಾಣಿಸಿತು. ಆ ಸಾಲಿನಲ್ಲಿ ಅವಳ ಮನೆಯ ಹಾಲೂ ಇತ್ತು.

ಸಂಘದ ಅಧ್ಯಕ್ಷ ಮಹಾಲಿಂಗೇಶ್ವರ ಭಟ್ಟರು ಜೋರು ಮಾಡುವ ಜನವಲ್ಲ. ಅವರು ಕನ್ನಡಕ ತೆಗೆದು ಒರೆಸುತ್ತ, "ಕುಶಾಲಪ್ಪ, ನಿನ್ನ ಮೇಲೆ ನನಗೆ ಎಂತ ಸಿಟ್ಟೂ ಇಲ್ಲ. ಆದರೆ ಇನ್ನೊಮ್ಮೆ ಹೀಗಾದರೆ ನಾನು ಬೇರೆ ಜೀಪು ನೋಡಬೇಕಾಗ್ತದೆ. ಇಷ್ಟು ಜನರ ಹಾಲು" ಎಂದರು. ಅವರು ಬೈದಿದ್ದರೆ ಕುಶಾಲಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

ಹಾಲಿನ ಲೈನು ಹೋದರೆ ಜೀಪೂ ಹೋದ ಹಾಗೆಯೇ. ಪುತ್ತಿಗೆಯ ಒಬ್ಬರು ಮೂಡುಬಿದಿರೆಯಲ್ಲಿ ಓಡಿಸುವುದಕ್ಕೆ ಈ ಜೀಪನ್ನು ಕೊಳ್ಳುತ್ತೇವೆಂದು ಆಗಲೇ ಹೇಳಿ ಕಳಿಸಿದ್ದರು. ಬೇರೆಯವರ ಲಾರಿಯಲ್ಲಿ ಕ್ಲೀನರಾಗಿ, ಆಮೇಲೆ ಬೇರೆಯವರ ಕಾರಿಗೆ ಡ್ರೈವರಾಗಿ ಬೆವರು ಹರಿಸಿ ಅಣ್ಣ ಈ ಹಳೆಯ ಜೀಪನ್ನು ಅಂಗಳಕ್ಕೆ ತಂದ ದಿನ ಪದ್ಮಾಕ್ಷಿಗೆ ಚೆನ್ನಾಗಿ ನೆನಪಿತ್ತು. ಅಪ್ಪ ತೀರಿಕೊಂಡ ವರ್ಷ ಅವಳು ಆರನೆಯ ಕ್ಲಾಸಿಗೇ ಶಾಲೆ ಬಿಟ್ಟು ಬೀಡಿಗೆ ಕೂತಿದ್ದಳು. ಆಮೇಲೆ ಆ ಮನೆಗೆ ಬಂದ ದೊಡ್ಡ ಸಂತೋಷವೆಂದರೆ ಅದೊಂದೇ.

ಅಮ್ಮ ಸೇಸಮ್ಮನಿಗಂತೂ ಜೀಪೆಂದರೆ ಹಟ್ಟಿಯ ಇನ್ನೊಂದು ಜೀವ. ಸಂಜೆಯಾದರೆ ದನಕ್ಕೆ, ತುಳಸಿಗೆ, ಜೀಪಿಗೆ ಮೂವರಿಗೂ ಅವಳದ್ದೇ ಉಪಚಾರ. ಚಕ್ರದ ಕೆಸರು ಕೆರೆಯುವುದು, ಸೀಟಿಗೆ ಹಳೆಯ ಸೀರೆ ಹೊದಿಸುವುದು, ಶುಕ್ರವಾರ ಬಾನೆಟ್ಟಿಗೆ ಕುಂಕುಮ. ಸ್ಟೇರಿಂಗಿನ ಎದುರು ಮಂಜುನಾಥ ಸ್ವಾಮಿಯ ಪಟ, ಪಟದ ಮುಂದೆ ಕೆಂಪು ಗಾಜಿನ ಪುಟ್ಟ ಬಲ್ಬು. ಜೀಪು ನಿಂತಾಗಲೂ ದೇವರು ಕತ್ತಲೆಯಲ್ಲಿ ಇರಬಾರದೆಂದು ಆ ಬಲ್ಬಿನ ವಯರನ್ನು ನೇರ ಬ್ಯಾಟರಿಗೇ ಕೊಡಿಸಿದವಳೂ ಅವಳೇ. ಆ ಮನೆಗೆ ಕರೆಂಟು ಬಂದಿರಲಿಲ್ಲ. ಚಿಮಿಣಿ ದೀಪ ಆರಿಸಿದ ಮೇಲೆ ಅಂಗಳದಲ್ಲಿ ಉಳಿಯುತ್ತಿದ್ದದ್ದು ಜೀಪಿನೊಳಗಿನ ಆ ಕೆಂಪು ಚುಕ್ಕೆ ಮಾತ್ರ. ಪದ್ಮಾಕ್ಷಿ ಅದನ್ನು ನೋಡುತ್ತಲೇ ನಿದ್ದೆಹೋಗುತ್ತಿದ್ದಳು.

ಮರುದಿನ ಹೇಗೋ ತಳ್ಳಿ, ಹಾಲು ಮುಟ್ಟಿಸಿ, ಕುಶಾಲಪ್ಪ ನೇರ ಬೆಳ್ತಂಗಡಿಯ ಅಬ್ದುಲ್ ಶುಕೂರನ ಬ್ಯಾಟರಿ ಅಂಗಡಿಗೆ ಹೋದ. ಬೀಡಿಯ ಎಲೆ, ಹೊಗೆಸೊಪ್ಪು ತರುವುದಕ್ಕಿದ್ದ ಪದ್ಮಾಕ್ಷಿಯೂ ಜೊತೆಗಿದ್ದಳು. ಬಂಟ್ವಾಳದಲ್ಲಿ ಕೆಲಸ ಕಲಿತು ಬಂದು ಇಲ್ಲಿ ಅಂಗಡಿ ಇಟ್ಟ ಶುಕೂರನನ್ನು ಎಲ್ಲರೂ ಗೌರವದಿಂದ ಶುಕೂರಾಕ ಎಂದೇ ಕರೆಯುತ್ತಿದ್ದರು. ಅಂಗಡಿಯೊಳಗೆ ಸಾಲಾಗಿ ಕೂತ ಬ್ಯಾಟರಿಗಳು ಚಾರ್ಜಾಗುತ್ತ ಗುಳುಗುಳು ಎನ್ನುತ್ತಿದ್ದವು. ಮೂಗಿಗೆ ಚುಚ್ಚುವ ಹುಳಿ ವಾಸನೆ. ಯಾರೋ ಗಿರಾಕಿ ಬಾಯಿಗೆ ಬೀಡಿ ಇಟ್ಟು ಬೆಂಕಿಕಡ್ಡಿ ತೆಗೆದದ್ದೇ ತಡ, ಶುಕೂರಾಕ ಗುಡುಗಿದರು.

"ಹೋಯ್! ಇಲ್ಲಿ ಕಡ್ಡಿ ಗೀರಿದರೆ ಬ್ಯಾಟರಿಯ ಗ್ಯಾಸಿಗೆ ಬೆಂಕಿ ಹಿಡಿದು ನೀವು, ನಾನು, ಅಂಗಡಿ ಎಲ್ಲ ಒಟ್ಟಿಗೆ ಹಾರ್ತೇವೆ. ಬೀಡಿ ಬೇಕಾದರೆ ಆಚೆ ಮಾವಿನ ಮರದ ಅಡಿಗೆ. ನಾನೂ ಅಲ್ಲಿಗೇ ಹೋಗುವುದು."

ಕುಶಾಲಪ್ಪ ತನ್ನ ಕಷ್ಟ ಹೇಳಿದ. ಬ್ಯಾಟರಿಗೆ ಚಾರ್ಜು ತುಂಬುವ ಡೈನಮೋದ ಬ್ರಷ್ ಹೊಸತು. ಬ್ಯಾಟರಿಗೆ ಇನ್ನೂ ವರ್ಷ ತುಂಬಿಲ್ಲ. ಚಾರ್ಜು ಮಾಡಿಸಿದರೆ ನಾಲ್ಕು ದಿನ ಸರಿ, ಮತ್ತೆ ಅದೇ ಕಥೆ.

"ಹಗಲು ಓಡುವಾಗ ತುಂಬುತ್ತದೆ, ರಾತ್ರಿ ನಿಂತಲ್ಲಿ ಖಾಲಿಯಾಗ್ತದೆ. ಹಾಗಾದರೆ ನಿಂತಲ್ಲಿ ಕುಡಿಯುವವ ಯಾರೋ ಇದ್ದಾನೆ. ಹುಡುಕುವ" ಎಂದರು ಶುಕೂರಾಕ. ಚಾವಿ ತೆಗೆಸಿ, ಎಲ್ಲ ಸ್ವಿಚ್ಚು ಬಂದ್ ಮಾಡಿಸಿ, ಬ್ಯಾಟರಿಯ ಒಂದು ಕೇಬಲ್ ಬಿಚ್ಚಿದರು. ಬಿಚ್ಚಿದ ಕೇಬಲಿಗೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬನ್ನು ಹಿಡಿದರು. ಎಲ್ಲವೂ ಬಂದ್ ಇದ್ದರೆ ಆ ಬಲ್ಬು ಉರಿಯಬಾರದು. ಅದು ಮಂಕಾಗಿ ಉರಿಯಿತು.

"ನೋಡಿ. ಕಳ್ಳ ಒಳಗೆ ಇದ್ದಾನೆ."

ಒಂದೊಂದೇ ವಯರನ್ನು ಬಿಚ್ಚಿ ಬಲ್ಬು ನೋಡುತ್ತ ಹೋದರು. ಹಾರ್ನು, ಅಲ್ಲ. ಹೆಡ್‌ಲೈಟು, ಅಲ್ಲ. ಕೊನೆಗೆ ಒಂದು ಕೆಂಪು ವಯರನ್ನು ಬೆರಳಿನಲ್ಲೇ ಹಿಂಬಾಲಿಸಿ ಸ್ಟೇರಿಂಗಿನ ತನಕ ಬಂದರು. ಅಲ್ಲಿ ಅವರ ಬೆರಳು ನಿಂತಿತು. ದೇವರ ಪಟ, ಪಟದ ಮುಂದೆ ಬಲ್ಬು.

ಶುಕೂರಾಕ ಕೈಯನ್ನು ಹಿಂದಕ್ಕೆ ತೆಗೆದು ಲುಂಗಿಗೆ ಒರೆಸಿಕೊಂಡರು.

"ಎಂತ ಆಯ್ತು?" ಎಂದ ಕುಶಾಲಪ್ಪ.

"ಎಂತ ಹೇಳುವುದು ಮಾರಾಯ. ಈ ವಯರು... ಇದನ್ನು ನಾನು ತೆಗೆಯುವುದಿಲ್ಲ. ನಾನು ಬ್ಯಾರಿ. ನಾಳೆ ನಿನ್ನ ಅಮ್ಮ ಬಂದು ನನ್ನ ಅಂಗಡಿಯ ಮೆಟ್ಟಿಲಲ್ಲಿ ಕೂತರೆ ನಾನು ಎಲ್ಲಿಗೆ ಹೋಗಲಿ? ನೀನೇ ತೆಗಿ."

ಕುಶಾಲಪ್ಪ ಪಟಕ್ಕೆ ಕೈಮುಗಿದು ವಯರು ಎಳೆದ. ಕೆಂಪು ಚುಕ್ಕೆ ಆರಿತು. ಶುಕೂರಾಕರ ಕೈಯಲ್ಲಿದ್ದ ಬಲ್ಬೂ ಆರಿತು. ಕಳ್ಳ ಸಿಕ್ಕಿದ. ಬ್ಯಾಟರಿಯನ್ನು ಸಂಜೆಯ ತನಕ ಚಾರ್ಜಿಗಿಟ್ಟು, ಜೀಪಿಗೆ ಕೂರಿಸಿ, ಇನ್ನು ತೊಂದರೆಯಿಲ್ಲವೆಂದು ಕಳಿಸಿದರು.

ಮನೆಯಲ್ಲಿ ಸೇಸಮ್ಮ ಕೂಗಾಡಲಿಲ್ಲ. ಆರಿದ ಬಲ್ಬನ್ನು ನೋಡಿ, "ದೇವರು ಅಷ್ಟು ಬೆಳಕು ತಿಂದರೆ ಜೀಪು ಬೀಳ್ತದಾ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು. ಆ ರಾತ್ರಿ ಅಂಗಳ ಪೂರ್ತಿ ಕತ್ತಲೆಯಾಗಿತ್ತು. ಮರುದಿನ ಶುಕ್ರವಾರ. ಬಾನೆಟ್ಟಿಗೆ ಹಚ್ಚಿದ ಕುಂಕುಮ ಎಂದಿಗಿಂತ ದೊಡ್ಡದಾಗಿತ್ತು. ತಪ್ಪಾಯಿತೆಂದು ಕೇಳಿಕೊಳ್ಳುವವರ ಹಾಗೆ ಅವಳು ಜೀಪಿನ ಬಳಿ ತುಂಬ ಹೊತ್ತು ನಿಂತಿದ್ದಳು.

ಶನಿವಾರ, ಭಾನುವಾರ ಜೀಪು ಒಂದೇ ಸಲಕ್ಕೆ ಎದ್ದಿತು. ಕುಶಾಲಪ್ಪ ಶಿಳ್ಳೆ ಹಾಕುತ್ತ ಹೋದ. ಮತ್ತೊಂದು ಬುಧವಾರ ಬಂತು. ಹಾರ್ನು ಒತ್ತಿದ. ಕಪ್ಪೆ.

ಆ ದಿನವೂ ಲಾರಿ ತಪ್ಪಿತು. ಸಂಘದ ಹಿಂದಿನ ತೋಡಿನ ಪಕ್ಕ ಒಡೆದ ಹಾಲನ್ನು ಚೆಲ್ಲುವಾಗ ಲೋಲಾಕ್ಷಿ ಕೂಡ ತಮಾಷೆ ಬಿಟ್ಟು ಕ್ಯಾನು ಬಗ್ಗಿಸಲು ಕೈಜೋಡಿಸಿದಳು. ಅದನ್ನು ನೋಡಿ ಕುಶಾಲಪ್ಪನ ತಲೆ ಬಗ್ಗಿತು.

ಭಟ್ಟರು ಅವನನ್ನು ಬದಿಗೆ ಕರೆದರು. "ನಿಡ್ಲೆಯ ಜೀಪಿನವನಿಗೆ ಹೇಳಿದ್ದೇನೆ. ಸೋಮವಾರ ಬೆಳಿಗ್ಗೆ ಅವ ಬಂದು ಇಲ್ಲಿ ನಿಲ್ತಾನೆ. ಆದರೆ ಕೇಳು, ಆ ದಿನ ನಿನ್ನ ಜೀಪು ಯಾರೂ ತಳ್ಳದೆ ತಾನಾಗಿ ಬಂದರೆ ಅವನನ್ನು ಕಾಫಿ ಕೊಟ್ಟು ಕಳಿಸ್ತೇನೆ. ನನ್ನ ಕೈಯಲ್ಲಿ ಆಗುವುದು ಇಷ್ಟೇ."

ಮನೆಗೆ ಬಂದ ಕುಶಾಲಪ್ಪ, "ಪುತ್ತಿಗೆಯವರಿಗೆ ಹೂಂ ಹೇಳಿಬಿಡ್ತೇನೆ. ಸಾಕಾಯ್ತು" ಎಂದ. ಪದ್ಮಾಕ್ಷಿ ಕಟ್ಟುತ್ತಿದ್ದ ಬೀಡಿಯನ್ನು ಬಿಟ್ಟು ಎದ್ದಳು. ಅವಳು ಮಾತಾಡುವವಳಲ್ಲ, ಅಣ್ಣನ ಮಾತಿಗಂತೂ ಎದುರಾಡಿದವಳೇ ಅಲ್ಲ. ಆ ದಿನ ಮಾತ್ರ ಬಾಗಿಲ ಸಂದಿಯಲ್ಲಿ ನಿಂತು, "ಇನ್ನೊಂದು ಸಲ ಶುಕೂರಾಕನಲ್ಲಿ ತೋರಿಸುವ ಅಣ್ಣ. ನಾನೂ ಬರ್ತೇನೆ" ಎಂದಳು. ಕುಶಾಲಪ್ಪ ತಂಗಿಯನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದ.

ಮರುದಿನ ಬೆಳಿಗ್ಗೆ ಡೊಂಬಯ್ಯ ನಿಜವಾಗಿಯೂ ಕೋಣಗಳನ್ನು ತಂದ. ಕೋಣಗಳು ಗುಡ್ಡದ ತುದಿಯ ತನಕ ಎಳೆದವು. ಅಲ್ಲಿಂದ ಉರುಳಿಸಿದಾಗ ಜೀಪು ಕೆಮ್ಮಿ, ಕೆಮ್ಮಿ, ಎದ್ದಿತು.

ಶುಕೂರಾಕ ಜೀಪು ಕಂಡೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಪುನಃ ಅದೇ ಬಲ್ಬು ಹಿಡಿದು ನೋಡಿದರು. ಈ ಸಲ ಅದು ಉರಿಯಲೇ ಇಲ್ಲ. ಜೀಪಿನಲ್ಲಿ ಕುಡಿಯುವವರು ಯಾರೂ ಇರಲಿಲ್ಲ.

ಅವರು ಮಾವಿನ ಮರದ ಅಡಿಗೆ ಹೋಗಿ ಒಂದು ಬೀಡಿ ಸೇದಿ ಮುಗಿಸಿ ಬಂದರು. "ಕುಶಾಲಪ್ಪಾ, ಮೊನ್ನೆ ನಾನು ತಪ್ಪಿದೆ. ದೀಪ ಸಿಕ್ಕಿತಲ್ಲ ಅಂತ ಅಲ್ಲಿಗೇ ಹುಡುಕುವುದನ್ನು ನಿಲ್ಲಿಸಿದೆ. ನಿಜ ಹೇಳುವುದಾದರೆ ಆ ದೀಪದ ಮಾತು ಮುಗಿದರೆ ಸಾಕು ಅಂತ ಇತ್ತು ನನಗೆ. ಬ್ಯಾಟರಿಯ ಮುಚ್ಚಳ ತೆಗೆದದ್ದು ಹೌದು, ಒಳಗೆ ಸರಿಯಾಗಿ ನೋಡಲೇ ಇಲ್ಲ."

"ಈಗ ಎಂತ ಮಾಡುವುದು?"

"ಜಗಳ ಆಡುವ ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಮಲಗಿಸುವ. ಯಾರು ಜಗಳಗಂಟ ಅಂತ ಬೆಳಿಗ್ಗೆ ಗೊತ್ತಾಗ್ತದೆ."

ಜೀಪಿನ ಬ್ಯಾಟರಿಯನ್ನು ಬಿಚ್ಚಿ, ಚಾರ್ಜು ಮಾಡಿ, ಯಾವ ವಯರೂ ತಾಗದ ಹಾಗೆ ಒಂದು ಹಲಗೆಯ ಮೇಲೆ ಇಡುವುದೆಂದಾಯಿತು. ಜೀಪಿಗೆ ಬೇರೊಂದು ಬ್ಯಾಟರಿ ಕೂರಿಸಿದರು. "ಇದು ಡಾಕ್ಟರರ ಕಾರಿನದ್ದು. ಅವರು ಊರಲ್ಲಿಲ್ಲ. ಭಾನುವಾರ ನನಗೆ ವಾಪಸು ಸಿಗಲೇಬೇಕು" ಎಂದರು.

ಡಾಕ್ಟರರ ಬ್ಯಾಟರಿ ಹಾಕಿದ ಜೀಪು ಶುಕ್ರವಾರವೂ ಎದ್ದಿತು, ಶನಿವಾರವೂ ಎದ್ದಿತು. ಬೇರೆಯವರ ಸೊತ್ತೆಂದು ಕುಶಾಲಪ್ಪ ಮನೆಯಲ್ಲಿ ಯಾರಿಗೂ ಬಾನೆಟ್ಟು ತೆರೆಯಗೊಟ್ಟಿರಲಿಲ್ಲ. ಶನಿವಾರ ಹಾಲು ಇಳಿಸಿ ಅಣ್ಣ ತಂಗಿ ಅಂಗಡಿಗೆ ಹೋದಾಗ ಶುಕೂರಾಕ ಹಲಗೆಯ ಮೇಲಿನ ಬ್ಯಾಟರಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತಿದ್ದರು.

"ಯಾರನ್ನೂ ಮುಟ್ಟದೆ ಮಲಗಿದಲ್ಲೇ ಖಾಲಿಯಾಗಿದೆ ಇದು. ಜೀಪು ಪಾಪದ್ದು, ಅದರ ತಪ್ಪಿಲ್ಲ. ದೇವರ ದೀಪವೂ ಪಾಪದ್ದು, ಅದು ಕುಡಿದದ್ದು ಒಂದು ಗುಟುಕು. ರೋಗ ಇದರ ಹೊಟ್ಟೆಯ ಒಳಗೇ ಉಂಟು."

ಅವರು ಮುಚ್ಚಳಗಳನ್ನು ತಿರುಗಿಸಿ ತೆಗೆದರು. ರಬ್ಬರಿನ ಬುರುಡೆಯಿದ್ದ ಗಾಜಿನ ಕೊಳವೆಯಿಂದ ಒಳಗಿನ ಆಸಿಡ್ಡನ್ನು ಹೀರಿ ಬೆಳಕಿಗೆ ಹಿಡಿದರು. ಕೊಳವೆಯೊಳಗೆ ತೇಲಬೇಕಾದ ಕಡ್ಡಿ ತಳ ಹಿಡಿದಿತ್ತು. ನೀರಿನ ಹಾಗೆ ತಿಳಿಯಾಗಿರಬೇಕಾದ ಆಸಿಡ್ಡು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು.

"ಆಸಿಡ್ಡು ನೀರುನೀರಾಗಿದೆ. ಅದರ ಮೇಲೆ ಈ ಬಣ್ಣ. ಇದು ಎಲ್ಲಿಂದ ಬಂತು?" ಎಂದು ಗೊಣಗುತ್ತ ಅವರು ಮುಚ್ಚಳದ ಸುತ್ತ ಅಂಟಿದ್ದನ್ನು ಒಂದು ಬಿಳಿ ಚಿಂದಿಯಿಂದ ಒರೆಸಿ ಪಕ್ಕಕ್ಕೆ ಎಸೆದರು. ಚಿಂದಿ ಬಂದು ಬಿದ್ದದ್ದು ಬೆಂಚಿನ ತುದಿಯಲ್ಲಿ ಕೂತಿದ್ದ ಪದ್ಮಾಕ್ಷಿಯ ಕಾಲ ಬಳಿ.

ಅವಳು ಅದನ್ನು ನೋಡಿದಳು. ಆ ಬಣ್ಣವನ್ನು ಅವಳು ದಿನಾ ನೋಡುತ್ತಿದ್ದಳು. ಬಚ್ಚಲ ಹಂಡೆಯ ಅಂಚಿನಲ್ಲಿ, ಒಗೆಯುವ ಕಲ್ಲಿನಲ್ಲಿ, ಅಣ್ಣನ ಬಿಳಿ ಬನಿಯನಿನಲ್ಲಿ. ಬೇಸಿಗೆಯಲ್ಲಿ ನೀರು ಇಳಿದಂತೆ ಮುರಕಲ್ಲಿನ ಬಾವಿ ಬಿಡುತ್ತಿದ್ದ ಕೆಂಪು ಅದು. ಬಿಂಬುಳಿಯ ಹುಳಿಕಾಯಿ ಉಜ್ಜಿ ಉಜ್ಜಿ ಅವಳ ಬೆರಳು ಸವೆದದ್ದು ಆ ಕಲೆಗೇ.

ಅವಳು ಎದ್ದು ನಿಂತಳು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಂಡಸರಿದ್ದರು.

"ಅದು... ನಮ್ಮ ಬಾವಿಯ ಬಣ್ಣ" ಎಂದಳು.

ಶುಕೂರಾಕ ಕತ್ತೆತ್ತಿದರು. "ಎಂತ ಹೇಳಿದ್ದು ಮಗಾ?"

"ಬಾವಿಯ ನೀರು ಒಣಗಿದರೆ ಹೀಗೆಯೇ ಕಲೆ ಕೂರ್ತದೆ. ಇದೇ ಬಣ್ಣ."

ಶುಕೂರಾಕ ಚಿಂದಿಯನ್ನು ಹೆಕ್ಕಿ ತಿರುಗಿಸಿ ನೋಡಿದರು. ಮುಖ ಅರಳಿತು. "ಕಬ್ಬಿಣ! ಮುರಕಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಉಂಟು. ಅದು ಒಳಗೆ ಹೋದರೆ ಬ್ಯಾಟರಿ ತನ್ನನ್ನು ತಾನೇ ತಿಂತದೆ. ಇದಕ್ಕೆ ಬಾವಿ ನೀರು ಹಾಕಿದ್ದು ಯಾರು?"

"ನಾನಂತೂ ಅಲ್ಲ. ನಾನು ಇಲ್ಲಿಂದ ಬಾಟ್ಲಿ ನೀರು ಕೊಂಡುಹೋಗಿ ಹಾಕುವುದು" ಎಂದ ಕುಶಾಲಪ್ಪ.

ಆಗ ಪದ್ಮಾಕ್ಷಿಗೆ ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂತು. ಶುಕ್ರವಾರದ ಸಂಜೆ. ತುಳಸಿಗೆ ಎರೆದು ಚೆಂಬಿನಲ್ಲಿ ಉಳಿದ ನೀರು. ಬಾನೆಟ್ಟಿನ ಎರಡೂ ಕೊಕ್ಕೆ ಬಿಚ್ಚುವ ಅಮ್ಮನ ಕೈ. ಹಿಂದೊಮ್ಮೆ ಅಣ್ಣನೇ, "ಇದಕ್ಕೆ ನೀರು ಆರಬಾರದಮ್ಮ, ಆರಿದರೆ ಸತ್ತೇ ಹೋಗ್ತದೆ" ಎಂದಿದ್ದ. ಆ ಮಾತನ್ನು ಅಣ್ಣ ಮರೆತಿದ್ದ. ಅಮ್ಮ ಮರೆತಿರಲಿಲ್ಲ. ಜೀಪು ಏಳದ ವಾರವೆಲ್ಲ ಇನ್ನಷ್ಟು ಬಾಯಾರಿಕೆಯೆಂದು ಇನ್ನಷ್ಟು ಹೊಯ್ದಿದ್ದಳು. ಜಗಲಿಯಲ್ಲಿ ಬೀಡಿ ಕಟ್ಟುತ್ತ ಪದ್ಮಾಕ್ಷಿ ಅದನ್ನು ನೋಡುತ್ತಲೇ ಇದ್ದಳು. ಅದೂ ತುಳಸಿಪೂಜೆಯದೇ ಒಂದು ಭಾಗ ಎಂಬಂತೆ.

"ಹೊಯ್ಯುವುದುಂಟು... ಮನೆಯಲ್ಲಿ" ಎಂದಳು ನೆಲ ನೋಡುತ್ತ. "ಬಾಯಾರಿಕೆ ಆಗ್ತದೆ ಅಂತ."

ಕುಶಾಲಪ್ಪನಿಗೆ ಅರ್ಥವಾಯಿತು. ಅವನ ಮುಖ ಕೆಂಪಾಯಿತು. "ಅಮ್ಮನಾ? ಇಷ್ಟು ದಿನ ನಾನು ಊರಿಡೀ ಮರ್ಯಾದೆ ಕಳೆದುಕೊಂಡದ್ದು ಇದಕ್ಕಾ? ಇವತ್ತು ಮನೆಗೆ ಹೋಗಿ—"

"ಕೂತುಕೋ" ಎಂದರು ಶುಕೂರಾಕ. ಗ್ಯಾಸಿನ ಹತ್ತಿರ ಕಡ್ಡಿ ಗೀರಲು ಹೊರಟವನಿಗೆ ಗುಡುಗಿದ ಅದೇ ಸ್ವರ. "ಬೈಯುವುದಾದರೆ ಮೊದಲು ನನ್ನನ್ನು ಬೈ. ಮೊನ್ನೆಯೇ ಮುಚ್ಚಳದೊಳಗೆ ಸರಿಯಾಗಿ ನೋಡಿದ್ದರೆ ಬುಧವಾರದ ಹಾಲು ಉಳೀತಿತ್ತು. ಆಮೇಲೆ ನಿನ್ನನ್ನು ನೀನು ಬೈದುಕೋ, ಯಾವ ನೀರು ಅಂತ ಅವರಿಗೆ ಹೇಳದ್ದಕ್ಕೆ. ಬಾಯಾರಿದ್ದಕ್ಕೆ ನೀರು ಕೊಟ್ಟವರ ಸರದಿ ಕೊನೆಗೆ. ನಾಳೆ ನಾನೇ ಬಂದು ಅವರ ಹತ್ತಿರ ಮಾತಾಡ್ತೇನೆ. ಅಲ್ಲಿಯವರೆಗೆ ನಿನ್ನ ಬಾಯಿ ಬಂದ್."

ಅಮ್ಮ ಆ ಮಾತನ್ನು ಅಣ್ಣನ ಸಿಟ್ಟಿನ ಬಾಯಿಂದ ಕೇಳಿದ್ದರೆ ಮತ್ತೆ ಜೀಪಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅದು ಪದ್ಮಾಕ್ಷಿಗೆ ಗೊತ್ತಿತ್ತು. ಒಮ್ಮೆಯೂ ಅಮ್ಮನನ್ನು ನೋಡದ ಈ ಮನುಷ್ಯನಿಗೆ ಅದು ಹೇಗೆ ಗೊತ್ತಾಯಿತೋ!

ಶುಕೂರಾಕ ಬ್ಯಾಟರಿಯನ್ನು ಬೋರಲು ಹಾಕಿ ಆಸಿಡ್ಡು ಚೆಲ್ಲಿದರು. ಬಾಟ್ಲಿಯ ಶುದ್ಧ ನೀರಿನಿಂದ ಮತ್ತೆ ಮತ್ತೆ ಒಳಗೆ ತೊಳೆದರು. ಹೊಸ ಆಸಿಡ್ಡು ಹೊಯ್ದು ಚಾರ್ಜಿಗೆ ಇಟ್ಟರು. "ಬದುಕಿದರೆ ಬದುಕಿತು. ಒಳಗಿನ ಸೀಸದ ಪ್ಲೇಟು ಹಾಳಾಗಿದ್ದರೆ ನನ್ನ ಕೈಯಲ್ಲಿ ಇಲ್ಲ" ಎಂದರು.

ಭಾನುವಾರ ಮಧ್ಯಾಹ್ನ ಅವರು ಜೀಪಿನಲ್ಲೇ ಪಡ್ಪಿಗೆ ಬಂದರು. ತೊಡೆಯ ಮೇಲೆ ಗೋಣಿಚೀಲ, ಅದರಲ್ಲಿ ಒಂದು ಗಾಜಿನ ಬಾಟ್ಲಿ. ತೊಳೆದ ಬ್ಯಾಟರಿಯನ್ನು ಜೀಪಿಗೆ ಕೂರಿಸಿ, ಡಾಕ್ಟರರದ್ದನ್ನು ಗೋಣಿಯಲ್ಲಿ ಕಟ್ಟಿದರು. ಸೇಸಮ್ಮ ಬಾಗಿಲ ಬಳಿ ನಿಂತು ಬೆಲ್ಲ, ನೀರು ಮುಂದಿಟ್ಟಳು. ದೀಪ ತೆಗೆಸಿದವರ ಮೇಲೆ ಅವಳಿಗೆ ಅಷ್ಟೇನೂ ಪ್ರೀತಿ ಇರಲಿಲ್ಲ.

ಶುಕೂರಾಕ ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು. "ಒಳ್ಳೆ ತಂಪು ನೀರು. ಅಮ್ಮಾ, ಜೀಪಿಗೆ ನೀರು ಕೊಡುವವರು ನೀವೇ ಅಂತೆ?"

"ಹೌದು. ಅವನಿಗೆ ನೆನಪು ಎಲ್ಲಿರ್ತದೆ? ಪಾಪ, ಅದು ಬಾಯಿ ಇಲ್ಲದ್ದು."

"ನೀವು ಮಾಡಿದ್ದು ಸರಿ. ಇವನನ್ನು ನಂಬಿದ್ದರೆ ಬ್ಯಾಟರಿ ಒಣಗಿ ಕರಕಲಾಗ್ತಿತ್ತು. ಆದರೆ ಒಂದು ತಾಪತ್ರಯ ಉಂಟು. ಈ ಬ್ಯಾಟರಿಗೆ ಮಡಿ ಜಾಸ್ತಿ. ಭಟ್ರ ಮನೆಯ ಅಜ್ಜಿಗಿಂತಲೂ ಜಾಸ್ತಿ. ಬಾವಿ ನೀರು ಮುಟ್ಟುವುದಿಲ್ಲ, ಹೊಳೆ ನೀರು ಮುಟ್ಟುವುದಿಲ್ಲ. ಕುದಿಸಿ, ಹಬೆ ಹಿಡಿದು, ತಣಿಸಿದ ನೀರೇ ಆಗಬೇಕು. ಬೇರೆ ಕೊಟ್ಟರೆ ಹೊಟ್ಟೆ ಕೆಡಿಸಿಕೊಂಡು ಮಲಗ್ತದೆ."

ಸೇಸಮ್ಮ ತಡೆದು ನಿಂತಳು. ಅವಳ ದೃಷ್ಟಿ ತುಳಸಿಕಟ್ಟೆಯ ಮೇಲಿನ ಚೆಂಬಿಗೆ, ಅಲ್ಲಿಂದ ಮಗನ ಮುಖಕ್ಕೆ ಹೋಯಿತು. "ಹಾಗಾದರೆ ಇಷ್ಟು ದಿನ... ನಾನೇನಾ?"

ಕುಶಾಲಪ್ಪ ಬಾಯಿ ತೆರೆದ. ಶುಕೂರಾಕ ಅವನತ್ತ ನೋಡಿದರು. ಅವನು ಬಾಯಿ ಮುಚ್ಚಿದ. ಆಮೇಲೆ ತಾನಾಗಿಯೇ ಮೆಲ್ಲಗೆ, "ನಾನು ಸರಿಯಾಗಿ ಹೇಳಿರಲಿಲ್ಲ ಅಮ್ಮ" ಎಂದ.

"ಇದಾ, ಇದು ಮಡಿ ನೀರು" ಎಂದು ಶುಕೂರಾಕ ಬಾಟ್ಲಿಯನ್ನು ಜಗಲಿಯ ಮೇಲಿಟ್ಟರು. "ವಾರವಾರ ಬೇಡ, ತಿಂಗಳಿಗೊಮ್ಮೆ ಸಾಕು. ಪ್ಲೇಟು ಮುಳುಗಿದರೆ ನಿಲ್ಲಿಸಬೇಕು. ಇನ್ನು ಮುಂದೆಯೂ ನೀವೇ ಹೊಯ್ಯಬೇಕು, ಇವನ ಕೈಗೆ ಕೊಡಬೇಡಿ. ಖಾಲಿಯಾದರೆ ಬಾಟ್ಲಿ ಜೀಪಿನಲ್ಲಿ ಕಳಿಸಿ."

ನಂತರ ಅವರು ಜೀಪಿನೊಳಗೆ ಬಗ್ಗಿ ಏನೋ ವಯರು ಸುತ್ತಿದರು. ಚಾವಿ ತಿರುಗಿಸಿದರು. ದೇವರ ಮುಂದಿನ ಕೆಂಪು ಬಲ್ಬು ಹೊತ್ತಿಕೊಂಡಿತು.

"ಜೀಪು ಎದ್ದಾಗ ದೇವರೂ ಏಳ್ತಾರೆ, ಮಲಗಿದಾಗ ದೇವರೂ ಮಲಗ್ತಾರೆ. ಆಗದಾ ಅಮ್ಮಾ?"

ಸೇಸಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಆಗ್ತದೆ. ದೇವಸ್ಥಾನದಲ್ಲಿಯೂ ರಾತ್ರಿ ಬಾಗಿಲು ಹಾಕ್ತಾರಲ್ಲ" ಎಂದಳು. ಹೊರಡುವಾಗ ಅವರ ಗೋಣಿಯೊಳಗೆ ಎಳೆಯ ಹಲಸಿನ ಗುಜ್ಜೆ, ಒಂದು ಹಿಡಿ ಒಣಮೆಣಸು ಸೇರಿಕೊಂಡವು. ಕುಶಾಲಪ್ಪ ಅವರನ್ನು ಕೊಕ್ಕಡದ ಬಸ್ಸಿಗೆ ಬಿಟ್ಟು ಬಂದು, ಜೀಪನ್ನು ಅಂಗಳದ ಸಪಾಟು ಜಾಗದಲ್ಲಿ ನಿಲ್ಲಿಸಿದ. ಇಳಿಜಾರಿನ ಅಂಚಿನಲ್ಲಿ ಬೇಕೆಂದೇ ನಿಲ್ಲಿಸಲಿಲ್ಲ.

ಸೋಮವಾರ ಬೆಳಿಗ್ಗೆ ಪದ್ಮಾಕ್ಷಿ ತಡ್ಪೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಎದ್ದು ಜೀಪಿನ ಹಿಂದೆ ಹೋಗಲಿಲ್ಲ. ಹೋದರೆ ಅಪಶಕುನವಾಗುತ್ತದೇನೋ ಎಂಬ ಭಯ. ಸೇಸಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಳು. ಕುಶಾಲಪ್ಪ ಹಾರ್ನು ಒತ್ತಿದ.

ಗೂಳಿ ಕೂಗಿತು. ಎದುರಿನ ಗುಡ್ಡ ಮಾರ್ದನಿ ಕೊಟ್ಟಿತು.

ಅವನು ಚಾವಿ ತಿರುಗಿಸಿದ. ಎಂಜಿನ್ನು ಒಂದೇ ಸಲಕ್ಕೆ ಎದ್ದು ಅಂಗಳವೆಲ್ಲ ನಡುಗಿತು. ಬೆಚ್ಚಿದ ಸೇಸಮ್ಮ ಕೈ ತೆಗೆದು, ಮತ್ತೆ ಅಲ್ಲೇ ಇಟ್ಟು, ನಗತೊಡಗಿದಳು. ಪದ್ಮಾಕ್ಷಿಯ ಮಡಿಲಿನಿಂದ ತಡ್ಪೆ ಜಾರಿ ಬೀಡಿಗಳೆಲ್ಲ ನೆಲದ ಪಾಲಾದವು. ಅವಳು ಅವನ್ನು ಹೆಕ್ಕಲಿಲ್ಲ.

ಸಂಘದ ಎದುರು ನಿಡ್ಲೆಯ ಜೀಪು ಆಗಲೇ ಬಂದು ನಿಂತಿತ್ತು. ಯಾರೂ ತಳ್ಳದೆ ಬಂದ ಕುಶಾಲಪ್ಪನ ಜೀಪನ್ನು ಕಂಡು ಲೋಲಾಕ್ಷಿ, "ಓ, ಮದುಮಗ ತಾನೇ ನಡೆದುಕೊಂಡು ಬಂದನಲ್ಲ!" ಎಂದಳು. ಭಟ್ಟರು ಕನ್ನಡಕ ಸರಿಮಾಡಿಕೊಂಡು ಒಳಗೆ ಕೂಗಿ ಹೇಳಿದರು: "ಒಂದು ಕಾಫಿ ಮಾಡಿ, ನಿಡ್ಲೆಯವರಿಗೆ." ಡೊಂಬಯ್ಯ ಕ್ಯಾನು ಎತ್ತಿಕೊಡುತ್ತ, ತನ್ನ ಕೋಣಗಳಿಗೆ ಇನ್ನು ಕೆಲಸವಿಲ್ಲವೆಂದು ಬೇಸರ ಪಟ್ಟವನ ಹಾಗೆ ನಟಿಸಿದ. ಪುತ್ತಿಗೆಗೆ ಹೂಂ ಎಂಬ ಮಾತು ಹೋಗಲೇ ಇಲ್ಲ.

ಆ ವಾರ ಬೀಡಿ ಎಲೆ ತರಲು ಹೋದಾಗ ಪದ್ಮಾಕ್ಷಿ ಶುಕೂರಾಕರ ಅಂಗಡಿಯ ಮುಂದೆ ಇಳಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ಮಾತು ಜೋಡಿಸುತ್ತ ಬಂದಿದ್ದಳು. ಹಾಲು ಉಳಿಸಿದ್ದಕ್ಕೆ, ಜೀಪು ಉಳಿಸಿದ್ದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮನ ಮುಖ ಉಳಿಸಿದ್ದಕ್ಕೆ. ಶುಕೂರಾಕರು ತಲೆಯೆತ್ತಿ, "ಬಾ ಮಗಾ. ನೋಡಿ, ಇವಳೇ ಬಣ್ಣ ಗುರುತು ಹಿಡಿದದ್ದು" ಎಂದು ಗಿರಾಕಿಗಳಿಗೆ ತೋರಿಸಿದ್ದೇ, ಜೋಡಿಸಿದ ಮಾತೆಲ್ಲ ಉದುರಿಹೋಯಿತು. ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟು ಸರಸರನೆ ಜೀಪಿಗೆ ಬಂದು ಕೂತಳು.

ಅದರಲ್ಲಿದ್ದದ್ದು ಒಂದು ಕಟ್ಟು ಬೀಡಿ. ಕಂಪೆನಿಗೆ ಕೊಡುವಂಥದ್ದಲ್ಲ. ರಂಧ್ರವಿಲ್ಲದ, ನರ ದಪ್ಪವಿಲ್ಲದ ಎಲೆಗಳನ್ನೇ ಆರಿಸಿ, ಒಂದೊಂದನ್ನೂ ಕತ್ತರಿಸಿ, ಹದವಾಗಿ ಸುತ್ತಿ, ತುದಿ ಮಡಚಿ, ಕೆಂಪು ನೂಲಿನಿಂದ ಕಟ್ಟಿದ್ದು.

ಜೀಪು ಹೊರಟಿತು. ಅವಳು ಹಿಂತಿರುಗಿ ನೋಡಿದಳು. ಶುಕೂರಾಕ ಪೊಟ್ಟಣ ಬಿಚ್ಚಿ, ಒಂದು ಬೀಡಿಯನ್ನು ಮೂಗಿಗೆ ಹಿಡಿದು, ಕಿವಿಯ ಬಳಿ ತಿರುಗಿಸಿ ನೋಡಿದರು. ಆಮೇಲೆ ರಸ್ತೆ ದಾಟಿ ಮಾವಿನ ಮರದ ಅಡಿಗೆ ಹೋಗಿ ಕಡ್ಡಿ ಗೀರಿದರು. ಮೊದಲ ಹೊಗೆ ಬಿಟ್ಟು, ಜೀಪು ಹೋದ ದಿಕ್ಕಿಗೆ ಬೀಡಿ ಹಿಡಿದ ಕೈಯನ್ನು ಎತ್ತಿದರು.